ಒಳಚರಂಡಿಗೆ ಕಾರ್ಖಾನೆ ನೀರು: ಅನುಮತಿ ಯಾರದು, ಹೊಣೆ ಯಾರದು?

ಬೆಂಗಳೂರು: ಕಾರ್ಖಾನೆಯ ತ್ಯಾಜ್ಯನೀರನ್ನು ನಗರದ ಒಳಚರಂಡಿಗೆ ಬಿಡುವುದು ಸಂಪೂರ್ಣ ನಿಷಿದ್ಧ ಎಂಬ ಭಾವನೆ ಸಾರ್ವಜನಿಕರಲ್ಲಿದೆ. ವಾಸ್ತವ ಹಾಗಿಲ್ಲ. ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಪಡೆದು, ನಿಗದಿತ ಮಿತಿಯೊಳಗೆ ಶುದ್ಧೀಕರಿಸಿದ ನೀರನ್ನು ಒಳಚರಂಡಿಗೆ ಸೇರಿಸಲು ಕಾನೂನಿನಲ್ಲಿ ಅವಕಾಶವಿದೆ. ನದಿಗೆ ಅಥವಾ ಕೆರೆಗೆ ಬಿಡುವ ನೀರಿಗೆ ಹೋಲಿಸಿದರೆ ಒಳಚರಂಡಿಗೆ ಬಿಡುವ ನೀರಿನ ಮಿತಿ ಹಲವು ಅಂಶಗಳಲ್ಲಿ ಸಡಿಲವೂ ಹೌದು.

ಈ ಸಡಿಲಿಕೆಗೆ ಒಂದು ಷರತ್ತಿದೆ. ಕೊಳವೆಯ ಇನ್ನೊಂದು ತುದಿಯಲ್ಲಿ ಜೈವಿಕ ಸಂಸ್ಕರಣೆ ಮಾಡುವ ಘಟಕವಿರಬೇಕು. ಇಲ್ಲವಾದರೆ ಸಡಿಲಿಕೆಯೂ ಇಲ್ಲ. ನಿಯಮದ ಈ ಒಂದು ಸಾಲು ಎಷ್ಟು ಪಾಲನೆಯಾಗುತ್ತಿದೆ ಎಂಬುದರ ಮೇಲೆ ಬೆಳ್ಳಂದೂರು ಕೆರೆ, ವೃಷಭಾವತಿ ನದಿ, ಬೈರಮಂಗಲದ ಗದ್ದೆಗಳು ಹಾಗೂ ಕೋಲಾರದ ಕೆರೆಗಳ ಆರೋಗ್ಯ ನಿಂತಿದೆ. ಈ ನಿಯಂತ್ರಣ ವ್ಯವಸ್ಥೆಯ ರೂಪುರೇಷೆ ಇಲ್ಲಿದೆ.

ಮೂರು ಬಗೆಯ ನೀರು

ನಗರದಲ್ಲಿ ಹರಿಯುವ ತ್ಯಾಜ್ಯನೀರನ್ನು ಮೂರು ಬಗೆಯಾಗಿ ವಿಂಗಡಿಸಬಹುದು. ಮನೆ, ಹೋಟೆಲು, ಕಚೇರಿಗಳ ಶೌಚ ಮತ್ತು ಸ್ನಾನದ ಕೊಳಚೆ ಮೊದಲನೆಯದು. ಕಾರ್ಖಾನೆಯ ಉತ್ಪಾದನಾ ಪ್ರಕ್ರಿಯೆಯಿಂದ ಹೊರಬರುವ ತ್ಯಾಜ್ಯ ಎರಡನೆಯದು. ಮಳೆನೀರು ಮೂರನೆಯದು. ಮೊದಲನೆಯದು ನೆಲದಡಿಯ ಒಳಚರಂಡಿ ಕೊಳವೆಯಲ್ಲಿ ಹರಿದು ಕೊಳಚೆ ನೀರು ಸಂಸ್ಕರಣಾ ಘಟಕ ಅಥವಾ ಎಸ್‌ಟಿಪಿ ಸೇರಬೇಕು. ಎರಡನೆಯದು ಕಾರ್ಖಾನೆಯ ಆವರಣದಲ್ಲಿರುವ ಇಟಿಪಿಯಲ್ಲಿ ಅಥವಾ ಹಲವು ಕಾರ್ಖಾನೆಗಳ ಸಾಮೂಹಿಕ ಘಟಕವಾದ ಸಿಇಟಿಪಿಯಲ್ಲಿ ಶುದ್ಧವಾಗಬೇಕು. ಮೂರನೆಯದಕ್ಕೆ ರಾಜಕಾಲುವೆಗಳಿವೆ, ಅವು ನೇರವಾಗಿ ಕೆರೆಗೆ ಸೇರುತ್ತವೆ.

ಕಾಗದದ ಮೇಲೆ ಈ ಮೂರೂ ಬೇರೆ ಬೇರೆ. ಆದರೆ ಒಳಚರಂಡಿ ಕಟ್ಟಿಕೊಂಡಾಗ ಕೊಳಚೆ ರಾಜಕಾಲುವೆಗೆ ಉಕ್ಕುತ್ತದೆ. ಮಳೆಗಾಲದಲ್ಲಿ ಮಳೆನೀರು ಒಳಚರಂಡಿಗೆ ನುಗ್ಗುತ್ತದೆ. ಕೊಳವೆ ಜಾಲವಿಲ್ಲದ ಬಡಾವಣೆಗಳಲ್ಲಿ ಎಲ್ಲವೂ ಒಂದೇ ಮೋರಿಯಲ್ಲಿ ಹರಿಯುತ್ತದೆ. ಕಾರ್ಖಾನೆಯ ನೀರು ಈ ಮಿಶ್ರಣಕ್ಕೆ ಸೇರಿದ ಮೇಲೆ ಅದನ್ನು ಬೇರ್ಪಡಿಸುವುದು ಅಸಾಧ್ಯ, ಯಾರು ಬಿಟ್ಟರು ಎಂದು ಪತ್ತೆ ಹಚ್ಚುವುದು ಅತಿ ಕಷ್ಟ. ಆದ್ದರಿಂದಲೇ ನಿಯಂತ್ರಣವೆಲ್ಲ ಕಾರ್ಖಾನೆಯ ಗೇಟಿನೊಳಗೇ ಆಗಬೇಕು ಎಂಬುದು ಕಾನೂನಿನ ಆಶಯ.

ಕಾನೂನು ಏನು ಹೇಳುತ್ತದೆ?

ಈ ವಿಷಯದಲ್ಲಿ ಮೂಲ ಶಾಸನ 1974ರ ಜಲ ಮಾಲಿನ್ಯ ನಿಯಂತ್ರಣ ಕಾಯ್ದೆ. ಅದರ 25ನೇ ಕಲಂ ಪ್ರಕಾರ ರಾಜ್ಯ ಮಂಡಳಿಯ ಪೂರ್ವ ಸಮ್ಮತಿ ಇಲ್ಲದೆ ಯಾವುದೇ ಉದ್ದಿಮೆಯು ಹೊಳೆ, ಬಾವಿ, ಒಳಚರಂಡಿ ಅಥವಾ ಭೂಮಿಗೆ ತ್ಯಾಜ್ಯ ಬಿಡುವಂತಿಲ್ಲ. ಒಳಚರಂಡಿ ಎಂದರೆ ನೆಲದಡಿಯ ಕೊಳವೆ ಮಾತ್ರವಲ್ಲ. ಕೊಳಚೆ ಅಥವಾ ಕೈಗಾರಿಕಾ ತ್ಯಾಜ್ಯ ಸಾಗಿಸುವ ತೆರೆದ ಅಥವಾ ಮುಚ್ಚಿದ ಯಾವುದೇ ಕಾಲುವೆ ಎಂದು ಕಾಯ್ದೆ ವ್ಯಾಖ್ಯಾನಿಸಿದೆ. ‘ಮೋರಿಗೆ ಬಿಟ್ಟಿದ್ದೇವೆ, ಒಳಚರಂಡಿಗಲ್ಲ’ ಎಂಬ ವಾದಕ್ಕೆ ಇಲ್ಲಿ ಆಸ್ಪದವಿಲ್ಲ.

ಈ ಕಾಯ್ದೆಯನ್ವಯ ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ 1974ರಲ್ಲೇ ಅಸ್ತಿತ್ವಕ್ಕೆ ಬಂತು. ಕಾರ್ಖಾನೆ ಸ್ಥಾಪಿಸುವ ಮುನ್ನ ಒಂದು ಸಮ್ಮತಿ, ಕೆಲಸ ಆರಂಭಿಸುವ ಮುನ್ನ ಇನ್ನೊಂದು ಸಮ್ಮತಿ ಪಡೆಯಬೇಕು. ದಿನಕ್ಕೆ ಎಷ್ಟು ನೀರು ಬಳಸಬಹುದು, ಎಷ್ಟು ತ್ಯಾಜ್ಯ ಹೊರಬಿಡಬಹುದು, ಎಲ್ಲಿಗೆ ಬಿಡಬಹುದು ಎಂಬುದನ್ನು ಸಮ್ಮತಿ ಪತ್ರದಲ್ಲಿ ನಮೂದಿಸಲಾಗುತ್ತದೆ.

ಕೊಳವೆಯ ಒಡೆತನ ಮಾತ್ರ ಮಂಡಳಿಯದಲ್ಲ. ಬೆಂಗಳೂರಿನಲ್ಲಿ ಅದು 1964ರ ಕಾಯ್ದೆಯಡಿ ರಚನೆಯಾದ ಬೆಂಗಳೂರು ಜಲಮಂಡಳಿಯದು. ರಾಜ್ಯದ ಇತರ ನಗರಗಳಲ್ಲಿ ಸಾಮಾನ್ಯವಾಗಿ ಕರ್ನಾಟಕ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ ಜಾಲ ನಿರ್ಮಿಸಿ ಸ್ಥಳೀಯ ಪಾಲಿಕೆ ಅಥವಾ ನಗರಸಭೆಗೆ ಹಸ್ತಾಂತರಿಸುತ್ತದೆ. ಕೊಳವೆಗೆ ಹಾನಿ ಮಾಡುವ, ಹರಿವಿಗೆ ಅಡ್ಡಿಯಾಗುವ ಅಥವಾ ಸಂಸ್ಕರಣೆಯನ್ನು ಕೆಡಿಸುವ ವಸ್ತುಗಳನ್ನು ಒಳಚರಂಡಿಗೆ ಹಾಕಬಾರದು ಎಂಬ ನಿರ್ಬಂಧ ನಗರಾಡಳಿತ ಕಾನೂನುಗಳಲ್ಲಿ ಸಾಮಾನ್ಯ. ಹೀಗೆ ಸಮ್ಮತಿ ನೀಡುವವರು ಒಬ್ಬರು, ಕೊಳವೆಯ ಒಡೆಯರು ಇನ್ನೊಬ್ಬರು.

ಮಿತಿಗಳ ಪಟ್ಟಿ

1986ರ ಪರಿಸರ ಸಂರಕ್ಷಣಾ ನಿಯಮಗಳ 6ನೇ ಅನುಸೂಚಿಯಲ್ಲಿ ತ್ಯಾಜ್ಯನೀರಿನ ಸಾಮಾನ್ಯ ಮಾನದಂಡಗಳಿವೆ. ನದಿ–ಕೆರೆ, ಸಾರ್ವಜನಿಕ ಒಳಚರಂಡಿ, ನೀರಾವರಿ ಭೂಮಿ, ಸಮುದ್ರ ತೀರ ಎಂಬ ನಾಲ್ಕು ಅಂಕಣಗಳ ಪೈಕಿ ಮೊದಲ ಎರಡರ ಮುಖ್ಯ ಅಂಶಗಳು ಹೀಗಿವೆ. ಅಂಕಿಗಳೆಲ್ಲ ಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿವೆ.

- ಜೈವಿಕ ಆಮ್ಲಜನಕ ಬೇಡಿಕೆ, ಅಂದರೆ ಬಿಒಡಿ: ನದಿ–ಕೆರೆಗೆ 30, ಒಳಚರಂಡಿಗೆ 350
- ತೇಲುವ ಘನಕಣಗಳು: ನದಿ–ಕೆರೆಗೆ 100, ಒಳಚರಂಡಿಗೆ 600
- ಎಣ್ಣೆ ಮತ್ತು ಜಿಡ್ಡು: ನದಿ–ಕೆರೆಗೆ 10, ಒಳಚರಂಡಿಗೆ 20
- ಹೆಕ್ಸಾವೇಲೆಂಟ್ ಕ್ರೋಮಿಯಂ: ನದಿ–ಕೆರೆಗೆ 0.1, ಒಳಚರಂಡಿಗೆ 2
- ಸೀಸ: ನದಿ–ಕೆರೆಗೆ 0.1, ಒಳಚರಂಡಿಗೆ 1
- ಸತು: ನದಿ–ಕೆರೆಗೆ 5, ಒಳಚರಂಡಿಗೆ 15
- ಸಯನೈಡ್: ನದಿ–ಕೆರೆಗೆ 0.2, ಒಳಚರಂಡಿಗೆ 2
- ಪಾದರಸ: ಎರಡಕ್ಕೂ 0.01
- ಆರ್ಸೆನಿಕ್: ಎರಡಕ್ಕೂ 0.2

ನೀರಿನ ಆಮ್ಲೀಯತೆ ಅಥವಾ ಕ್ಷಾರೀಯತೆ ಸೂಚಿಸುವ ಪಿಎಚ್ ಎರಡೂ ಕಡೆ 5.5ರಿಂದ 9ರ ನಡುವೆ ಇರಬೇಕು.

ಬಿಒಡಿ ಎಂದರೆ ನೀರಿನಲ್ಲಿರುವ ಕೊಳೆಯುವ ವಸ್ತುವನ್ನು ಸೂಕ್ಷ್ಮಜೀವಿಗಳು ಅರಗಿಸಿಕೊಳ್ಳಲು ಬಳಸುವ ಆಮ್ಲಜನಕದ ಪ್ರಮಾಣ. ಅದು ಹೆಚ್ಚಾದಷ್ಟೂ ನೀರು ಹೆಚ್ಚು ಕೊಳಕು. ಒಂದು ದಿನಕ್ಕೆ 10 ಲಕ್ಷ ಲೀಟರ್ ನೀರು ಬಿಡುವ ಘಟಕವನ್ನು ಊಹಿಸಿಕೊಂಡರೆ, ಒಳಚರಂಡಿಯ ಮಿತಿಯಲ್ಲಿ ಅದು 350 ಕಿಲೋ ಬಿಒಡಿ ಹೊರೆಯನ್ನು ಸಾಗಹಾಕಬಹುದು. ನದಿಯ ಮಿತಿಯಲ್ಲಾದರೆ 30 ಕಿಲೋ ಮಾತ್ರ. ನಡುವಿನ 320 ಕಿಲೋ ಹೊರೆಯನ್ನು ಎಸ್‌ಟಿಪಿ ಹೊರುತ್ತದೆ ಎಂಬುದು ನಿಯಮದ ನಿರೀಕ್ಷೆ.

ಅಡಿಟಿಪ್ಪಣಿಯ ತೂಕ

ಆ ನಿರೀಕ್ಷೆ ಈಡೇರದಿದ್ದರೆ ಏನು ಎಂಬುದಕ್ಕೂ ಅನುಸೂಚಿಯಲ್ಲೇ ಉತ್ತರವಿದೆ. ಒಳಚರಂಡಿಯ ಅಂಕಣಕ್ಕೆ ಜೋಡಿಸಿರುವ ಟಿಪ್ಪಣಿ ಹೀಗೆನ್ನುತ್ತದೆ: ಆ ಒಳಚರಂಡಿಯು ಜೈವಿಕ ವಿಧಾನ ಒಳಗೊಂಡ ಎರಡನೇ ಹಂತದ ಸಂಸ್ಕರಣಾ ಘಟಕಕ್ಕೆ ಸೇರಿದರೆ ಮಾತ್ರ ಈ ಮಾನದಂಡ ಅನ್ವಯ. ಇಲ್ಲವಾದರೆ ಒಳಚರಂಡಿಗೆ ಬಿಟ್ಟ ನೀರನ್ನು ನದಿ–ಕೆರೆಗೆ ಬಿಟ್ಟ ನೀರೆಂದೇ ಪರಿಗಣಿಸಬೇಕು.

ಇದರ ಅರ್ಥ ಸ್ಪಷ್ಟ. ಕಾರ್ಖಾನೆಯ ಮುಂದಿನ ಕೊಳವೆ ಎಸ್‌ಟಿಪಿ ತಲುಪದೆ ರಾಜಕಾಲುವೆಯಲ್ಲಿ ಕೊನೆಗೊಂಡರೆ ಆ ಕಾರ್ಖಾನೆಗೆ 350ರ ಮಿತಿ ಇಲ್ಲ, 30ರ ಮಿತಿ. ಕ್ರೋಮಿಯಂಗೆ 2 ಅಲ್ಲ, 0.1. ಕಾರ್ಖಾನೆಯ ಮಾಲೀಕನಿಗೆ ತನ್ನ ಕೊಳವೆ ಎಲ್ಲಿ ಕೊನೆಗೊಳ್ಳುತ್ತದೆ ಎಂಬುದು ಕಾಣುವುದಿಲ್ಲ. ಅದು ಗೊತ್ತಿರುವುದು ಕೊಳವೆಯ ಒಡೆತನ ಹೊಂದಿದ ಸಂಸ್ಥೆಗೆ. ಆದರೆ ಮಿತಿ ನಿಗದಿಪಡಿಸುವುದು ಇನ್ನೊಂದು ಮಂಡಳಿ. ಈ ಎರಡು ಸಂಸ್ಥೆಗಳ ನಡುವೆ ಮಾಹಿತಿ ಹರಿಯದಿದ್ದರೆ ಕಾರ್ಖಾನೆ ಕಾಗದದ ಮೇಲೆ ನಿಯಮಬದ್ಧವಾಗಿಯೂ ಕೆರೆ ಕಲುಷಿತವಾಗಿಯೂ ಉಳಿಯುತ್ತದೆ.

ಎಸ್‌ಟಿಪಿಗೆ ಏಕೆ ಸಾಧ್ಯವಿಲ್ಲ?

ಎಲ್ಲ ನೀರನ್ನೂ ದೊಡ್ಡ ಎಸ್‌ಟಿಪಿಗೆ ಕಳುಹಿಸಿದರೆ ಸಾಲದೇ ಎಂಬ ಪ್ರಶ್ನೆ ಸಹಜ. ಎಸ್‌ಟಿಪಿಯಲ್ಲಿ ಕೆಲಸ ಮಾಡುವುದು ಮುಖ್ಯವಾಗಿ ಬ್ಯಾಕ್ಟೀರಿಯಾಗಳು. ಗಾಳಿ ಊದಿದ ತೊಟ್ಟಿಯಲ್ಲಿ ಅವು ಮಾನವ ತ್ಯಾಜ್ಯ, ಅನ್ನದ ಗಂಜಿ, ಸಾಬೂನಿನ ಅಂಶಗಳನ್ನು ತಿಂದು ಬೆಳೆಯುತ್ತವೆ. ಕ್ರೋಮಿಯಂ, ನಿಕ್ಕಲ್, ತಾಮ್ರ, ಸೀಸದಂತಹ ಲೋಹಗಳನ್ನು ಅವು ತಿಂದು ಕರಗಿಸಲಾರವು. ಲೋಹ ನಾಶವಾಗುವುದಿಲ್ಲ, ಒಂದಷ್ಟು ಕೆಸರಿನಲ್ಲಿ ಕೂರುತ್ತದೆ, ಉಳಿದದ್ದು ಸಂಸ್ಕರಿಸಿದ ನೀರಿನೊಂದಿಗೆ ಹೊರಹೋಗುತ್ತದೆ. ಆ ಕೆಸರು ಗೊಬ್ಬರವಾಗಿ ಹೊಲ ಸೇರಿದರೆ ಲೋಹವೂ ಹೊಲ ಸೇರುತ್ತದೆ.

ಇನ್ನೂ ಗಂಭೀರವಾದ ಸಂಗತಿಯೆಂದರೆ, ಸಯನೈಡ್ ಅಥವಾ ಪ್ರಬಲ ಆಮ್ಲ ಒಮ್ಮೆಲೇ ಬಂದರೆ ಬ್ಯಾಕ್ಟೀರಿಯಾಗಳೇ ಸಾಯಬಹುದು. ಆಗ ಘಟಕ ಮತ್ತೆ ಸ್ಥಿತಿಗೆ ಬರಲು ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ಬೇಕು. ಅಷ್ಟು ದಿನ ಮನೆಗಳ ಕೊಳಚೆಯೂ ಸರಿಯಾಗಿ ಶುದ್ಧವಾಗದೆ ಹೊರಹೋಗುತ್ತದೆ. ಒಂದು ಕಾರ್ಖಾನೆಯ ತಪ್ಪಿಗೆ ಇಡೀ ಬಡಾವಣೆಗಳ ಕೊಳಚೆ ಕೆರೆ ಸೇರುವ ಅಪಾಯವಿದು.

2017ರ ಅಕ್ಟೋಬರ್‌ನಲ್ಲಿ ಕೇಂದ್ರ ಪರಿಸರ ಸಚಿವಾಲಯ ಎಸ್‌ಟಿಪಿಗಳಿಗೆ ಪ್ರತ್ಯೇಕ ಮಾನದಂಡ ಪ್ರಕಟಿಸಿ, ಮಹಾನಗರಗಳಲ್ಲಿ ಬಿಒಡಿ ಮಿತಿಯನ್ನು 20ಕ್ಕೆ, ಇತರೆಡೆ 30ಕ್ಕೆ ನಿಗದಿಪಡಿಸಿತು. 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಇನ್ನೂ ಬಿಗಿಯಾದ ಮಿತಿಗೆ ಸೂಚಿಸಿತು. ಹೊರಬಿಡುವ ನೀರಿನ ಗುಣಮಟ್ಟಕ್ಕೆ ಎಸ್‌ಟಿಪಿ ನಡೆಸುವ ಸಂಸ್ಥೆಯೇ ಹೊಣೆ. ಒಳಬರುವ ನೀರಿನ ಮೇಲೆ ಮಾತ್ರ ಅದಕ್ಕೆ ಹಿಡಿತ ಕಡಿಮೆ.

ಕಾರ್ಖಾನೆಯೊಳಗೆ ಆಗಬೇಕಾದದ್ದು

ಪೀಣ್ಯದಂತಹ ಕೈಗಾರಿಕಾ ಪ್ರದೇಶದಲ್ಲಿ ಸಾಮಾನ್ಯವಾದ ಎಲೆಕ್ಟ್ರೋಪ್ಲೇಟಿಂಗ್ ಘಟಕವನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಕಬ್ಬಿಣದ ಬಿಡಿಭಾಗಗಳಿಗೆ ಕ್ರೋಮಿಯಂ, ನಿಕ್ಕಲ್ ಅಥವಾ ಸತುವಿನ ಲೇಪ ಹಾಕಿ ಪ್ರತಿ ಹಂತದಲ್ಲೂ ನೀರಿನಲ್ಲಿ ತೊಳೆಯಲಾಗುತ್ತದೆ. ಆ ತೊಳೆದ ನೀರೇ ಸಮಸ್ಯೆಯ ಮೂಲ.

ಮೊದಲು ಬೇರೆ ಬೇರೆ ಹೊತ್ತಿನಲ್ಲಿ ಬರುವ ನೀರನ್ನು ಒಂದು ತೊಟ್ಟಿಯಲ್ಲಿ ಸೇರಿಸಿ ಸಮ ಮಾಡಬೇಕು. ಸಯನೈಡ್ ಇರುವ ನೀರನ್ನು ಆಮ್ಲದ ನೀರಿನೊಂದಿಗೆ ಬೆರೆಸದೆ ಪ್ರತ್ಯೇಕವಾಗಿ ಇಟ್ಟು, ಕ್ಷಾರದ ಸ್ಥಿತಿಯಲ್ಲಿ ಹೈಪೋಕ್ಲೋರೈಟ್ ಸೇರಿಸಿ ನಿರ್ವಿಷಗೊಳಿಸಬೇಕು. ವಿಷಕಾರಿ ಹೆಕ್ಸಾವೇಲೆಂಟ್ ಕ್ರೋಮಿಯಂ ಅನ್ನು ಆಮ್ಲೀಯ ಸ್ಥಿತಿಯಲ್ಲಿ ಸೋಡಿಯಂ ಮೆಟಾಬೈಸಲ್ಫೈಟ್ ಬಳಸಿ ಕಡಿಮೆ ಅಪಾಯದ ರೂಪಕ್ಕೆ ತರಬೇಕು. ಬಳಿಕ ಸುಣ್ಣ ಹಾಕಿದರೆ ಲೋಹಗಳು ಗರಣೆಗಟ್ಟಿ ತಳ ಸೇರುತ್ತವೆ. ಆ ಕೆಸರು ಅಪಾಯಕಾರಿ ತ್ಯಾಜ್ಯ. ಅದನ್ನು ಅಧಿಕೃತ ವಿಲೇವಾರಿ ತಾಣಕ್ಕೇ ಕಳುಹಿಸಬೇಕು. ನೆಲಮಂಗಲ ತಾಲ್ಲೂಕಿನ ದಾಬಸ್‌ಪೇಟೆಯಲ್ಲಿ ಅಂತಹ ತಾಣವಿದೆ.

ಇದರಲ್ಲಿ ಯಾವುದೂ ಹೊಸ ತಂತ್ರಜ್ಞಾನವಲ್ಲ. ಆದರೆ ರಾಸಾಯನಿಕಕ್ಕೆ, ವಿದ್ಯುತ್ತಿಗೆ, ಕೆಸರು ಸಾಗಿಸಲು, ತಿಳಿದ ಕೆಲಸಗಾರನಿಗೆ ದಿನವೂ ಹಣ ಬೇಕು. ನಾಲ್ಕಾರು ಕಾರ್ಮಿಕರಿರುವ ಬಾಡಿಗೆ ಶೆಡ್ಡಿನ ಘಟಕಕ್ಕೆ ಅದು ಹೊರೆ. ಬಳ್ಳಾರಿಯ ಜೀನ್ಸ್ ವಾಷಿಂಗ್ ಘಟಕಗಳಂತಹ ಸಣ್ಣ ಉದ್ದಿಮೆಗಳ ಸಮಸ್ಯೆಯೂ ಇದೇ ಬಗೆಯದು. ಸಾಮೂಹಿಕ ಸಿಇಟಿಪಿಯ ಪರಿಕಲ್ಪನೆ ಹುಟ್ಟಿದ್ದು ಇಂತಹ ಘಟಕಗಳಿಗಾಗಿಯೇ.

ಸುಲಭ ದಾರಿಯೊಂದಿದೆ: ಬೋರ್‌ವೆಲ್ ನೀರು ಬೆರೆಸಿ ತೆಳುಗೊಳಿಸುವುದು. 10 ಸಾವಿರ ಲೀಟರ್ ತ್ಯಾಜ್ಯದಲ್ಲಿ ಲೀಟರಿಗೆ 10 ಮಿಲಿಗ್ರಾಂ ಕ್ರೋಮಿಯಂ ಇದ್ದರೆ ಒಟ್ಟು 100 ಗ್ರಾಂ ಆಯಿತು. ಅದಕ್ಕೆ 40 ಸಾವಿರ ಲೀಟರ್ ನೀರು ಬೆರೆಸಿದರೆ ಪ್ರಮಾಣ ಲೀಟರಿಗೆ 2 ಮಿಲಿಗ್ರಾಂಗೆ ಇಳಿದು ಒಳಚರಂಡಿಯ ಮಿತಿಯೊಳಗೆ ಬರುತ್ತದೆ. ಆದರೆ ಕೊಳವೆ ಸೇರುವ ಕ್ರೋಮಿಯಂ ಆಗಲೂ 100 ಗ್ರಾಮೇ. ಸಾಂದ್ರತೆಯನ್ನಷ್ಟೇ ಅಳೆದು ಒಟ್ಟು ಹೊರೆಯನ್ನು ಲೆಕ್ಕಿಸದಿದ್ದರೆ ಈ ಚಾತುರ್ಯ ಸಿಕ್ಕಿಬೀಳುವುದಿಲ್ಲ. ನೀರಿನ ಬಳಕೆಗೂ ಹೊರಬಿಡುವ ನೀರಿಗೂ ಮೀಟರ್ ಇರಬೇಕೆಂಬ ಒತ್ತಾಯದ ಹಿಂದಿನ ಕಾರಣ ಇದೇ.

ಮ್ಯಾನ್‌ಹೋಲ್ ಬಳಿಯ ಬೆಲೆ

ಈ ವಿಷಯದಲ್ಲಿ ಕೆರೆಗಳ ಬಗ್ಗೆ ನಡೆದಷ್ಟು ಚರ್ಚೆ ಮನುಷ್ಯರ ಬಗ್ಗೆ ನಡೆದಿಲ್ಲ. ಒಳಚರಂಡಿಯಲ್ಲಿ ಗಾಳಿಯಾಡದೆ ಕೊಳೆತ ತ್ಯಾಜ್ಯದಿಂದ ಹೈಡ್ರೋಜನ್ ಸಲ್ಫೈಡ್ ಅನಿಲ ಹುಟ್ಟುತ್ತದೆ. ಗಂಧಕಯುಕ್ತ ಕೈಗಾರಿಕಾ ತ್ಯಾಜ್ಯ ಸೇರಿದರೆ ಅದರ ಪ್ರಮಾಣ ಏರುತ್ತದೆ. ಸಯನೈಡ್ ಇರುವ ನೀರಿಗೆ ಇನ್ನೊಂದು ಕಾರ್ಖಾನೆಯ ಆಮ್ಲ ಸೇರಿದರೆ ಹೈಡ್ರೋಜನ್ ಸಯನೈಡ್ ಎಂಬ ಮಾರಕ ಅನಿಲ ಉತ್ಪತ್ತಿಯಾಗುತ್ತದೆ. ಅದೇ ಕೊಳವೆಯ ಮೇಲಿನ ಮ್ಯಾನ್‌ಹೋಲ್ ತೆರೆಯುವ ಕಾರ್ಮಿಕನಿಗೆ ಒಳಗೆ ಏನಿದೆ ಎಂಬುದು ತಿಳಿದಿರುವುದಿಲ್ಲ.

ಸುರಕ್ಷತಾ ಸಾಧನಗಳಿಲ್ಲದೆ ಮನುಷ್ಯರನ್ನು ಒಳಚರಂಡಿಗೆ ಇಳಿಸುವುದನ್ನು 2013ರ ಕಾಯ್ದೆ ನಿಷೇಧಿಸಿದೆ. ಒಳಚರಂಡಿಯಲ್ಲಿ ಮೃತಪಟ್ಟವರ ಕುಟುಂಬಕ್ಕೆ 10 ಲಕ್ಷ ರೂಪಾಯಿ ಪರಿಹಾರ ನೀಡಬೇಕೆಂದು ಸುಪ್ರೀಂ ಕೋರ್ಟ್ 2014ರಲ್ಲಿ ಆದೇಶಿಸಿತ್ತು. 2023ರ ಅಕ್ಟೋಬರ್‌ನಲ್ಲಿ ಆ ಮೊತ್ತವನ್ನು 30 ಲಕ್ಷಕ್ಕೆ ಏರಿಸಿತು. ಕಾರ್ಖಾನೆಯ ತ್ಯಾಜ್ಯದ ನಿಯಂತ್ರಣ ಈ ಕಾರ್ಮಿಕರ ಜೀವರಕ್ಷಣೆಯ ಪ್ರಶ್ನೆಯೂ ಹೌದು.

ಸ್ಫೋಟದ ಅಪಾಯವೂ ಇದೆ. ಅಮೆರಿಕದ ಲೂಯಿವಿಲ್ ನಗರದಲ್ಲಿ 1981ರ ಫೆಬ್ರುವರಿ 13ರಂದು ಸೋಯಾಬೀನ್ ಎಣ್ಣೆ ಕಾರ್ಖಾನೆಯೊಂದರಿಂದ ಒಳಚರಂಡಿ ಸೇರಿದ್ದ ಹೆಕ್ಸೇನ್ ದ್ರಾವಕ ಹೊತ್ತಿಕೊಂಡು ಎರಡು ಮೈಲಿಗೂ ಹೆಚ್ಚು ಉದ್ದದ ರಸ್ತೆಗಳು ಸಿಡಿದಿದ್ದವು. ಮೆಕ್ಸಿಕೊದ ಗ್ವಾಡಲಹಾರ ನಗರದಲ್ಲಿ 1992ರ ಏಪ್ರಿಲ್ 22ರಂದು ಒಳಚರಂಡಿಗೆ ಸೋರಿದ್ದ ಪೆಟ್ರೋಲ್ ಸ್ಫೋಟಿಸಿ 200ಕ್ಕೂ ಹೆಚ್ಚು ಮಂದಿ ಸತ್ತರು.

ವೃಷಭಾವತಿಯಿಂದ ಬೆಳ್ಳಂದೂರಿನವರೆಗೆ

ಬೆಂಗಳೂರಿನ ಕೊಳಚೆ ಸಮುದ್ರ ಸೇರುವ ಮುನ್ನ ಹಲವು ಊರುಗಳ ಹೊಲ ಹಾಯುತ್ತದೆ. ಬಸವನಗುಡಿಯ ದೊಡ್ಡಬಸವಣ್ಣನ ಪಾದದಡಿ ಹುಟ್ಟುತ್ತದೆಂಬ ನಂಬಿಕೆಯಿರುವ ವೃಷಭಾವತಿ ನಗರದ ಪಶ್ಚಿಮ ಭಾಗದ ಕೊಳಚೆ ಹೊತ್ತು, ಮೈಸೂರು ರಸ್ತೆಯ ಬದಿಯಲ್ಲಿ ಹರಿದು, ಬಿಡದಿ ಸಮೀಪದ ಬೈರಮಂಗಲ ಕೆರೆ ಸೇರುತ್ತದೆ. ಮುಂದೆ ಅರ್ಕಾವತಿಗೆ, ಕನಕಪುರ ತಾಲ್ಲೂಕಿನ ಸಂಗಮದಲ್ಲಿ ಕಾವೇರಿಗೆ. ಪೀಣ್ಯ ಕೈಗಾರಿಕಾ ಪ್ರದೇಶದ ಒಂದು ಭಾಗದ ನೀರೂ ಈ ಕಣಿವೆಗೇ ಇಳಿಯುತ್ತದೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2009ರಲ್ಲಿ ದೇಶದ ಕೈಗಾರಿಕಾ ಸಮುಚ್ಚಯಗಳ ಮಾಲಿನ್ಯ ಸೂಚ್ಯಂಕ ಪ್ರಕಟಿಸಿದಾಗ ಮಂಗಳೂರು, ಭದ್ರಾವತಿ, ರಾಯಚೂರು, ಬೀದರ್ ಜತೆಗೆ ಪೀಣ್ಯವೂ ಪಟ್ಟಿಯಲ್ಲಿತ್ತು.

ನಗರದ ಆಗ್ನೇಯಕ್ಕೆ ಕೋರಮಂಗಲ–ಚಲ್ಲಘಟ್ಟ ಕಣಿವೆಯ ನೀರು ಬೆಳ್ಳಂದೂರು, ವರ್ತೂರು ಕೆರೆಗಳ ಮೂಲಕ ದಕ್ಷಿಣ ಪಿನಾಕಿನಿ ಸೇರುತ್ತದೆ. 2015ರಲ್ಲಿ ಬೆಳ್ಳಂದೂರಿನ ನೊರೆ ಹಾಗೂ ಬೆಂಕಿ ದೇಶದ ಗಮನ ಸೆಳೆಯಿತು. 2017ರ ಫೆಬ್ರುವರಿಯಲ್ಲಿ ಮತ್ತೆ ಬೆಂಕಿ ಕಾಣಿಸಿಕೊಂಡ ಬಳಿಕ ಹಸಿರು ನ್ಯಾಯಮಂಡಳಿ ಸ್ವಯಂಪ್ರೇರಿತವಾಗಿ ಪ್ರಕರಣ ಕೈಗೆತ್ತಿಕೊಂಡು, ಅದೇ ವರ್ಷದ ಏಪ್ರಿಲ್‌ನಲ್ಲಿ ಕೆರೆಯ ಸುತ್ತಲಿನ ಕೈಗಾರಿಕೆಗಳನ್ನು ಮುಚ್ಚಲು ಆದೇಶಿಸಿತು. 2018ರ ಡಿಸೆಂಬರ್‌ನಲ್ಲಿ ರಾಜ್ಯ ಸರ್ಕಾರಕ್ಕೆ 50 ಕೋಟಿ ರೂಪಾಯಿ, ಆಗಿನ ಬಿಬಿಎಂಪಿಗೆ 25 ಕೋಟಿ ರೂಪಾಯಿ ದಂಡ ವಿಧಿಸಿ, ಕೆರೆಗಳ ಪುನಶ್ಚೇತನಕ್ಕೆ 500 ಕೋಟಿ ರೂಪಾಯಿ ಮೀಸಲಿಡಲು ಸೂಚಿಸಿತು.

ಬೆಳ್ಳಂದೂರಿನ ಮಾಲಿನ್ಯದಲ್ಲಿ ಸಿಂಹಪಾಲು ಮನೆಗಳ ಕೊಳಚೆ ಮತ್ತು ಸಾಬೂನಿನ ಪುಡಿಯದು ಎಂಬುದನ್ನು ಮರೆಯುವಂತಿಲ್ಲ. ಪ್ರಮಾಣದಲ್ಲಿ ಕಾರ್ಖಾನೆ ನೀರು ಚಿಕ್ಕದು. ಆದರೆ ಮನೆಯ ಕೊಳಚೆಯನ್ನು ಎಸ್‌ಟಿಪಿ ಶುದ್ಧಗೊಳಿಸಬಲ್ಲದು, ಲೋಹವನ್ನಲ್ಲ.

ಕೋಲಾರದ ಕೆರೆಗಳ ಪಾಲು

ಈ ವ್ಯತ್ಯಾಸ ಈಗ ಹಿಂದೆಂದಿಗಿಂತ ಮುಖ್ಯವಾಗಿದೆ. ಕೋರಮಂಗಲ–ಚಲ್ಲಘಟ್ಟ ಕಣಿವೆಯ ಎರಡನೇ ಹಂತದವರೆಗೆ ಸಂಸ್ಕರಿಸಿದ ನೀರನ್ನು ಪಂಪ್ ಮಾಡಿ ಕೋಲಾರ ಜಿಲ್ಲೆಯ ಕೆರೆಗಳನ್ನು ತುಂಬಿಸುವ ಯೋಜನೆಯ ನೀರು 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ತಲುಪಿತು. ಮರುತಿಂಗಳೇ ಅಲ್ಲಿ ನೊರೆ ಕಾಣಿಸಿಕೊಂಡು, ಹೈಕೋರ್ಟ್ ನೀರು ಹರಿಸುವುದಕ್ಕೆ ತಡೆ ನೀಡಿತು. ಪ್ರಕರಣ ಸುಪ್ರೀಂ ಕೋರ್ಟ್ ಮೆಟ್ಟಿಲನ್ನೂ ಏರಿತು. ನಂತರ ನೀರಿನ ಹರಿವು ಮುಂದುವರಿಯಿತು. ಬರದ ಜಿಲ್ಲೆಯಲ್ಲಿ ಬತ್ತಿದ್ದ ಕೆರೆಗಳು ತುಂಬಿದ್ದು ರೈತರಿಗೆ ವರವಾಗಿದೆ ಎಂಬ ಮಾತಿನ ಜೊತೆಗೇ, ಮೂರನೇ ಹಂತದ ಸಂಸ್ಕರಣೆ ಬೇಕೆಂಬ ಬೇಡಿಕೆಯೂ ಇದೆ.

ಕೆರೆಯ ನೀರು ಇಂಗಿ ಅಂತರ್ಜಲವಾಗುತ್ತದೆ. ಹೀಗಾಗಿ ಬೆಂಗಳೂರಿನ ಯಾವುದೋ ಗಲ್ಲಿಯ ಶೆಡ್ಡಿನಲ್ಲಿ ಒಳಚರಂಡಿಗೆ ಸುರಿದ ಲೋಹ, ನೂರು ಕಿಲೋಮೀಟರಿನೊಳಗಿನ ಇನ್ನೊಂದು ಜಿಲ್ಲೆಯ ಕೊಳವೆಬಾವಿಯ ಪ್ರಶ್ನೆಯಾಗುತ್ತದೆ. 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾದ ಕಾವೇರಿ 5ನೇ ಹಂತ ದಿನಕ್ಕೆ 77.5 ಕೋಟಿ ಲೀಟರ್ ನೀರು ತರುವ ಸಾಮರ್ಥ್ಯದ್ದು. ಬಳಸಿದ ನೀರಿನ ಶೇ 80ರಷ್ಟು ಕೊಳಚೆಯಾಗಿ ಮರಳುತ್ತದೆ ಎಂಬ ಎಂಜಿನಿಯರುಗಳ ರೂಢಿಯ ಲೆಕ್ಕದಲ್ಲಿ, ಪೂರ್ಣ ಬಳಕೆಯಾದಾಗ ದಿನಕ್ಕೆ 62 ಕೋಟಿ ಲೀಟರ್ ಕೊಳಚೆ ಹೆಚ್ಚುತ್ತದೆ.

ಬೇರೆಡೆ ಹೇಗಿದೆ?

ಅಮೆರಿಕದಲ್ಲಿ 1972ರ ಸ್ವಚ್ಛ ಜಲ ಕಾಯ್ದೆಯಡಿ 1978ರಲ್ಲಿ ರೂಪಿಸಿದ ನಿಯಮಗಳು ಈ ಹೊಣೆಯನ್ನು ಬಹುಪಾಲು ನಗರಾಡಳಿತಕ್ಕೇ ವಹಿಸಿವೆ. ದೊಡ್ಡ ಎಸ್‌ಟಿಪಿ ನಡೆಸುವ ನಗರಸಂಸ್ಥೆ ಮುಖ್ಯ ಕಾರ್ಖಾನೆಗಳಿಗೆ ತಾನೇ ಪರವಾನಗಿ ನೀಡಬೇಕು, ತನ್ನ ಘಟಕದ ಸಾಮರ್ಥ್ಯಕ್ಕೆ ತಕ್ಕಂತೆ ಸ್ಥಳೀಯ ಮಿತಿ ವಿಧಿಸಬೇಕು, ವರ್ಷಕ್ಕೊಮ್ಮೆಯಾದರೂ ತಪಾಸಣೆ ನಡೆಸಬೇಕು. ಗಂಭೀರವಾಗಿ ನಿಯಮ ಮುರಿದ ಕಾರ್ಖಾನೆಗಳ ಹೆಸರನ್ನು ಪ್ರತಿವರ್ಷ ಪತ್ರಿಕೆಯಲ್ಲಿ ಪ್ರಕಟಿಸುವುದೂ ಕಡ್ಡಾಯ. ಕೊಳವೆಯ ಒಡೆಯನೇ ಅನುಮತಿಯನ್ನೂ ನೀಡುವುದರಿಂದ ಹೊಣೆ ಇನ್ನೊಬ್ಬರ ಮೇಲೆ ಜಾರುವ ಅವಕಾಶ ಕಡಿಮೆ.

ನಮ್ಮ ದೇಶದಲ್ಲಿ ಅಹಮದಾಬಾದಿನ ಉದಾಹರಣೆ ಗಮನಾರ್ಹ. ಸಾಬರಮತಿ ನದಿಯ ಮಾಲಿನ್ಯದ ಬಗ್ಗೆ ಗುಜರಾತ್ ಹೈಕೋರ್ಟ್ 2021ರಲ್ಲಿ ಸ್ವಯಂಪ್ರೇರಿತ ವಿಚಾರಣೆ ಕೈಗೊಂಡು, ಪಾಲಿಕೆಯ ಒಳಚರಂಡಿಗೆ ಸೇರಿದ್ದ ಕೈಗಾರಿಕಾ ಸಂಪರ್ಕಗಳನ್ನು ಕಡಿತಗೊಳಿಸಲು ಆದೇಶಿಸಿತು. ಅದಕ್ಕೂ ಮೊದಲು 2017ರ ಫೆಬ್ರುವರಿ 22ರಂದು ಸುಪ್ರೀಂ ಕೋರ್ಟ್, ಕೆಲಸ ಮಾಡುವ ಇಟಿಪಿ ಇಲ್ಲದೆ ಯಾವ ಕಾರ್ಖಾನೆಯೂ ನಡೆಯಕೂಡದು ಎಂದು ತೀರ್ಪು ನೀಡಿತ್ತು. ಎಸ್‌ಟಿಪಿ ಮತ್ತು ಸಿಇಟಿಪಿ ನಿರ್ಮಾಣಕ್ಕೆ ಮೂರು ವರ್ಷದ ಗಡುವು ನೀಡಿ, ಹಣ ಹೊಂದಿಸುವ ಹೊಣೆ ಸ್ಥಳೀಯ ಸಂಸ್ಥೆಗಳದ್ದೆಂದು ಹೇಳಿತ್ತು.

ತಪಾಸಣೆ ಮತ್ತು ಶಿಕ್ಷೆ

ಜಲ ಕಾಯ್ದೆಯ 21ನೇ ಕಲಂ ಮಾದರಿ ಸಂಗ್ರಹಕ್ಕೆ ಕಟ್ಟುನಿಟ್ಟಿನ ಕ್ರಮ ವಿಧಿಸಿದೆ. ಅಧಿಕಾರಿ ಕಾರ್ಖಾನೆಯವರಿಗೆ ತಿಳಿಸಿ, ಅವರ ಸಮ್ಮುಖದಲ್ಲಿ ಮಾದರಿಯನ್ನು ಎರಡು ಪಾಲು ಮಾಡಿ, ಮೊಹರು ಹಾಕಿ, ಸಹಿ ಮಾಡಿಸಿ ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ ಕಳುಹಿಸಬೇಕು. ಈ ಕ್ರಮ ತಪ್ಪಿದ ಮಾದರಿ ನ್ಯಾಯಾಲಯದಲ್ಲಿ ನಿಲ್ಲುವುದಿಲ್ಲ. ಆದರೆ ಹಗಲಿನಲ್ಲಿ ತಿಳಿಸಿ ಪಡೆದ ಮಾದರಿ, ರಾತ್ರಿ ಹರಿದ ನೀರಿನ ಕಥೆಯನ್ನು ಹೇಳಲಾರದು. ಹೆಚ್ಚು ಮಾಲಿನ್ಯಕಾರಕ 17 ವರ್ಗಗಳ ಉದ್ದಿಮೆಗಳು ದಿನದ 24 ಗಂಟೆಯೂ ಆನ್‌ಲೈನ್‌ನಲ್ಲಿ ಮಾಪನ ನಡೆಸಬೇಕೆಂದು ಕೇಂದ್ರ ಮಂಡಳಿ 2014ರಲ್ಲಿ ಸೂಚಿಸಿದ್ದರೂ, ಗಲ್ಲಿಯ ಸಣ್ಣ ಘಟಕಗಳು ಬಹುತೇಕ ಅದರ ವ್ಯಾಪ್ತಿಯಿಂದ ಹೊರಗಿವೆ.

1988ರ ತಿದ್ದುಪಡಿಯಿಂದ ಸೇರಿದ 33ಎ ಕಲಂ ಅಡಿಯಲ್ಲಿ ಕಾರ್ಖಾನೆ ಮುಚ್ಚಿಸುವ, ವಿದ್ಯುತ್ ಮತ್ತು ನೀರು ಕಡಿತಗೊಳಿಸುವ ಅಧಿಕಾರ ಮಂಡಳಿಗಿದೆ. ಸಮ್ಮತಿ ಇಲ್ಲದೆ ತ್ಯಾಜ್ಯ ಬಿಟ್ಟರೆ ಒಂದೂವರೆ ವರ್ಷದಿಂದ ಆರು ವರ್ಷದವರೆಗೆ ಜೈಲು ಶಿಕ್ಷೆ ವಿಧಿಸಬಹುದು. 2024ರ ತಿದ್ದುಪಡಿ ಕಾಯ್ದೆ ಕೆಲವು ಉಲ್ಲಂಘನೆಗಳಿಗೆ ಜೈಲಿನ ಬದಲು 10 ಸಾವಿರದಿಂದ 15 ಲಕ್ಷ ರೂಪಾಯಿವರೆಗಿನ ದಂಡವನ್ನು ತಂದಿದೆ. ಅದು ಮೊದಲು ಹಿಮಾಚಲ ಪ್ರದೇಶ, ರಾಜಸ್ಥಾನ ಹಾಗೂ ಕೇಂದ್ರಾಡಳಿತ ಪ್ರದೇಶಗಳಿಗೆ ಅನ್ವಯವಾಯಿತು. ಇತರ ರಾಜ್ಯಗಳು ನಿರ್ಣಯ ಅಂಗೀಕರಿಸಿ ಅಳವಡಿಸಿಕೊಳ್ಳಬಹುದು. ಮಾಲಿನ್ಯ ನಿಯಂತ್ರಣ ಮಂಡಳಿಗಳು ಪರಿಸರ ಪರಿಹಾರ ಮೊತ್ತ ವಿಧಿಸಬಹುದು, ಆದರೆ ಅದಕ್ಕೆ ಸೂಕ್ತ ನಿಯಮ ರೂಪಿಸಿರಬೇಕು ಎಂದು ಸುಪ್ರೀಂ ಕೋರ್ಟ್ 2025ರ ಆಗಸ್ಟ್‌ನಲ್ಲಿ ಸ್ಪಷ್ಟಪಡಿಸಿದೆ.

ನಾಗರಿಕರು ಏನು ಮಾಡಬಹುದು?

ಸಮ್ಮತಿ ಪತ್ರದ ಷರತ್ತುಗಳು ಗೋಪ್ಯವಲ್ಲ. ಅವುಗಳ ದಾಖಲೆ ಪುಸ್ತಕವನ್ನು ಮಂಡಳಿ ಇಟ್ಟಿರಬೇಕು. ಬಾಧಿತರು ಅಥವಾ ಆಸಕ್ತರು ತಮಗೆ ಸಂಬಂಧಿಸಿದ ಭಾಗವನ್ನು ಪರಿಶೀಲಿಸಬಹುದು ಎಂದು ಕಾಯ್ದೆಯ 25ನೇ ಕಲಂ ಹೇಳುತ್ತದೆ. ಮಾಹಿತಿ ಹಕ್ಕು ಕಾಯ್ದೆಯಡಿಯೂ ಪ್ರತಿ ಕೇಳಬಹುದು. ಕೇಳುವಾಗ ಎರಡು ಪ್ರಶ್ನೆ ಮುಖ್ಯ: ಕಾರ್ಖಾನೆಗೆ ವಿಧಿಸಿರುವ ಮಿತಿ ಒಳಚರಂಡಿಯದೋ ನದಿ–ಕೆರೆಯದೋ? ಆ ರಸ್ತೆಯ ಒಳಚರಂಡಿ ಯಾವ ಎಸ್‌ಟಿಪಿಗೆ ಸೇರುತ್ತದೆ? ಮೊದಲನೆಯದನ್ನು ಮಾಲಿನ್ಯ ನಿಯಂತ್ರಣ ಮಂಡಳಿಗೂ ಎರಡನೆಯದನ್ನು ಜಲಮಂಡಳಿ ಅಥವಾ ಪಾಲಿಕೆಗೂ ಕೇಳಬೇಕು. ಎರಡು ಉತ್ತರಗಳು ಹೊಂದಿಕೆಯಾಗದಿದ್ದರೆ ಲೋಪ ಅಲ್ಲೇ ಇದೆ.

ಬೆಂಗಳೂರಿನಲ್ಲಿ ಒಳಚರಂಡಿ ದೂರುಗಳಿಗೆ ಜಲಮಂಡಳಿಯ ಸಹಾಯವಾಣಿ 1916 ಇದೆ. ಬಣ್ಣದ ನೀರು, ಕಟು ವಾಸನೆ ಕಂಡುಬಂದಾಗ ದಿನಾಂಕ, ಸಮಯ, ಸ್ಥಳ ಬರೆದಿಟ್ಟುಕೊಂಡು ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೆ ದೂರು ನೀಡಬಹುದು. ಮಂಡಳಿ ಕ್ರಮ ಕೈಗೊಳ್ಳದಿದ್ದರೆ 60 ದಿನಗಳ ನೋಟಿಸ್ ನೀಡಿ ನಾಗರಿಕರೇ ನ್ಯಾಯಾಲಯಕ್ಕೆ ದೂರು ಸಲ್ಲಿಸಲು 49ನೇ ಕಲಂನಲ್ಲಿ ಅವಕಾಶವಿದೆ. ಮ್ಯಾನ್‌ಹೋಲ್ ಮುಚ್ಚಳವನ್ನು ತಾವೇ ತೆರೆದು ನೋಡುವ ಸಾಹಸ ಮಾತ್ರ ಸಲ್ಲದು.

2025ರಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಹಾಗೂ ಐದು ಪಾಲಿಕೆಗಳು ಬಂದಿವೆ. ಸಂಸ್ಥೆಗಳ ಸಂಖ್ಯೆ ಹೆಚ್ಚಿದಷ್ಟೂ ಅವುಗಳ ನಡುವಿನ ಹೊಂದಾಣಿಕೆಯ ಅಗತ್ಯವೂ ಹೆಚ್ಚುತ್ತದೆ. ಒಳಚರಂಡಿಯ ನಕ್ಷೆ ಮತ್ತು ಸಮ್ಮತಿ ಪತ್ರಗಳ ಪಟ್ಟಿ ಒಂದೇ ಮೇಜಿನ ಮೇಲೆ ಬರುವವರೆಗೆ, ಕಾರ್ಖಾನೆಗೆ ನೀಡಿದ ಸಡಿಲಿಕೆಯ ಬೆಲೆಯನ್ನು ಬೈರಮಂಗಲದ ರೈತ, ಕೋಲಾರದ ಕೆರೆ ಹಾಗೂ ಮ್ಯಾನ್‌ಹೋಲಿನ ಕಾರ್ಮಿಕ ತೆರಬೇಕಾಗುತ್ತದೆ.